ಕಡತಗಳ ರಕ್ಷಣೆಗೊಂದು ಸಣ್ಣ ಸ್ಕ್ರಿಪ್ಟು

ರತ್ನತ್ರಯರಲ್ಲಿ ಒಬ್ಬನಾದ ಪೊನ್ನನ ‘ಶಾಂತಿಪುರಾಣ’ವನ್ನು ನಾವು ಇಂದಿಗೂ ಓದಬಹುದಾಗಿದೆ, ಅವನದೇ ಇನ್ನೊಂದು ಕೃತಿಯಾದ ‘ಭುವನೈಕರಾಮಾಭ್ಯುದಯ’ವಾದರೋ ಗ್ರಂಥರೂಪದಲ್ಲಿ ದೊರೆತಿಲ್ಲ. ಮೊದಲನೆಯದನ್ನು ದಾನಚಿಂತಾಮಣಿ ಅತ್ತಿಮಬ್ಬೆಯು ಸಾವಿರ ಪ್ರತಿ ಮಾಡಿಸಿ ಹಂಚಿದಳೆಂಬುದು ಕನ್ನಡ ಸಾಹಿತ್ಯಚರಿತ್ರೆಯನ್ನು ಬಲ್ಲವರೆಲ್ಲರೂ ಅರಿತಿರುವ ಸಂಗತಿ. ಎರಡನೆಯದಕ್ಕೆ ಅಂಥ ಭಾಗ್ಯ ಒದಗಿದುದಾಗಿ ನಾವು ಕೇಳಿಲ್ಲ. ಒಂದು ಕೃತಿ ಉಳಿದು ಇನ್ನೊಂದು ಅಳಿಯುವುದಕ್ಕೆ ಕಾರಣಗಳು ಹಲವಿರಬಹುದಾದರೂ, ಪ್ರತಿಗಳು ಹೆಚ್ಚಿದಷ್ಟೂ, ಆ ಪ್ರತಿಗಳು ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಕೈಗಳಲ್ಲಿ ಇದ್ದಷ್ಟೂ, ಬೆಂಕಿ ನೀರು ಗೆದ್ದಲುಗಳಿಗೆ ಎಲ್ಲವೂ ಒಮ್ಮೆಗೇ ತುತ್ತಾಗುವ ಸಂಭವ ಕಡಿಮೆಯಾಗುತ್ತದೆಂಬ ಮಾತು ಓಲೆಗರಿಯ ಕಾಲಕ್ಕೆ ಎಷ್ಟು ನಿಜವೋ ಹಾರ್ಡ್ ಡಿಸ್ಕಿನ ಕಾಲಕ್ಕೂ ಅಷ್ಟೇ ನಿಜ.

ಇಂದಿನ ಸಾಧಾರಣ ಗೃಹಸ್ಥನೊಬ್ಬನ ಲ್ಯಾಪ್‌ಟಾಪಿನಲ್ಲಿ ಏನೇನು ಅಡಗಿದೆಯೆಂಬುದನ್ನು ಒಮ್ಮೆ ಎಣಿಸಿ ನೋಡಬೇಕು. ಜಮೀನಿನ ಪಹಣಿ ಮತ್ತು ಕ್ರಯಪತ್ರಗಳ ಸ್ಕ್ಯಾನ್ ಪ್ರತಿ, ಮಕ್ಕಳ ಅಂಕಪಟ್ಟಿ, ಹತ್ತು ಹದಿನೈದು ವರ್ಷಗಳ ಛಾಯಾಚಿತ್ರ, ಅಂಗಡಿಯ ಲೆಕ್ಕ, ಅರ್ಧ ಬರೆದ ಪ್ರಬಂಧ, ಈಗ ಬದುಕಿಲ್ಲದ ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಣ, ಇವೆಲ್ಲವೂ ಅಂಗೈಯಗಲದ ಒಂದು ಡಿಸ್ಕಿನೊಳಗೆ, ಬಹುಪಾಲು ಒಂದೇ ಒಂದು ಪ್ರತಿಯಲ್ಲಿ ಇರುತ್ತವೆ. ಇವುಗಳ ಪೈಕಿ ಕೆಲವನ್ನು ಕಚೇರಿಗೆ ಅಲೆದು ಮತ್ತೆ ಪಡೆಯಬಹುದು. ಕೆಲವನ್ನು ಎಷ್ಟು ಹಣ ಸುರಿದರೂ ಪಡೆಯಲಾಗದು. ಇಂಥ ಕಡತಗಳನ್ನು ಕ್ರಮವಾಗಿ ನಕಲು ಮಾಡಿ ಕಾಯ್ದಿಡತಕ್ಕ ಇಪ್ಪತ್ತು ಸಾಲಿನಷ್ಟು ಚಿಕ್ಕ ಸ್ಕ್ರಿಪ್ಟೊಂದನ್ನು, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿಯೊಂದನ್ನು, ಪ್ರತಿಯೊಬ್ಬನೂ ತಾನೇ ಬರೆದುಕೊಳ್ಳಬಹುದು. ಬರೆದುಕೊಂಡವನಿಗೆ ಅದರ ಪ್ರತಿಯೊಂದು ಸಾಲಿನ ಅರ್ಥವೂ ತಿಳಿದಿರಬೇಕು. ಆ ತಿಳಿವಳಿಕೆಯೇ ಅದರ ಅರ್ಧ ಬಲವೆಂಬುದು ಈ ಲೇಖಕನ ದೃಢವಾದ ಅಭಿಪ್ರಾಯ.

ಮಾರುಕಟ್ಟೆಯಲ್ಲಿ ಬ್ಯಾಕಪ್ ತಂತ್ರಾಂಶಗಳು ಬೇಕಾದಷ್ಟು ಇರುವಾಗ ಸ್ವಂತ ಸ್ಕ್ರಿಪ್ಟಿನ ಪ್ರಯಾಸವೇಕೆಂದು ವಾಚಕರು ಕೇಳಬಹುದು. ಆ ತಂತ್ರಾಂಶಗಳಲ್ಲಿ ಉತ್ತಮವಾದವು ಉಂಟು. ಆದರೆ ಅವುಗಳಲ್ಲಿ ಅನೇಕವು ತಮ್ಮದೇ ಆದ ಗೂಢರೂಪದಲ್ಲಿ ಕಡತಗಳನ್ನು ಕಟ್ಟಿಡುವುದರಿಂದ, ಹತ್ತು ವರ್ಷಗಳ ತರುವಾಯ ಅದೇ ತಂತ್ರಾಂಶವೂ, ಅದರ ಅದೇ ಆವೃತ್ತಿಯೂ, ಕೆಲವೊಮ್ಮೆ ಅದರ ಚಂದಾ ಕೂಡ ಇದ್ದ ಹೊರತು ಕಟ್ಟು ಬಿಚ್ಚಲು ಬರುವುದಿಲ್ಲ. ನಾವು ಬಳಸಬೇಕೆಂದಿರುವ ಸಾಧನಗಳಾದರೋ ಹಳೆಯವು, ಉಚಿತವಾದವು, ಲೋಕವೆಲ್ಲ ಪರೀಕ್ಷಿಸಿ ಒಪ್ಪಿದವು. ಅನೇಕ ಕಡತಗಳನ್ನು ಒಂದೇ ಕಟ್ಟಾಗಿ ಕಟ್ಟುವ ‘ಟಾರ್’ ಎಂಬುದು 1979ರ ಏಳನೆಯ ಯೂನಿಕ್ಸ್ ಆವೃತ್ತಿಯೊಂದಿಗೆ, ಮ್ಯಾಗ್ನೆಟಿಕ್ ಟೇಪುಗಳಿಗಾಗಿ ಹುಟ್ಟಿದ್ದು. ಟೇಪುಗಳು ಮನೆಯ ಬಳಕೆಯಿಂದ ಮರೆಯಾದರೂ ಟಾರ್ ಮರೆಯಾಗಲಿಲ್ಲ. ಎರಡು ಸ್ಥಳಗಳಲ್ಲಿರುವ ಕಡತಗಳನ್ನು ಹೋಲಿಸಿ ವ್ಯತ್ಯಾಸವಿದ್ದುದನ್ನು ಮಾತ್ರ ಸಾಗಿಸುವ ‘ಆರ್‌ಸಿಂಕ್’ ಎಂಬುದನ್ನು ಆಸ್ಟ್ರೇಲಿಯದ ಆಂಡ್ರ್ಯೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ ಎಂಬವರು 1996ರಲ್ಲಿ ಪ್ರಕಟಿಸಿದರು. ಲಿನಕ್ಸಿನಲ್ಲಿಯೂ ಮ್ಯಾಕ್‌ನಲ್ಲಿಯೂ ಇವೆರಡೂ ಸುಲಭವಾಗಿ ದೊರೆಯುತ್ತವೆ. ವಿಂಡೋಸ್ ಬಳಸುವವರು ಅದರೊಳಗೇ ಇರುವ ‘ರೋಬೊಕಾಪಿ’ಯನ್ನು ಅವಲಂಬಿಸಬಹುದು, ಕೆಲಸದ ಕೊನೆಗೆ ಅದು ಕೊಡುವ ಫಲಸೂಚಕ ಸಂಖ್ಯೆ 8 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಮಾತ್ರ ಕೆಲಸ ಕೆಟ್ಟಿತೆಂದು ತಿಳಿಯಬೇಕೇ ಹೊರತು, ಸೊನ್ನೆಯಲ್ಲದ್ದೆಲ್ಲವೂ ದೋಷವೆಂಬ ವಾಡಿಕೆಯ ನಿಯಮ ಅಲ್ಲಿ ಸಲ್ಲದು.

ಸ್ಕ್ರಿಪ್ಟನ್ನು ಬರೆಯಲು ಕೂರುವ ಮುನ್ನ ಕಡತಗಳನ್ನು ಎರಡು ವರ್ಗವಾಗಿ ವಿಂಗಡಿಸಿಕೊಳ್ಳುವುದು ಅವಶ್ಯ. ಇಂದೂ ಕೈಯಾಡಿಸುತ್ತಿರುವ, ನಾಳೆ ಬದಲಾಗಬಹುದಾದ ಕಡತಗಳು ಒಂದು ವರ್ಗ. ಇವುಗಳಿಗೆ ಬೇಕಾದುದು ಬ್ಯಾಕಪ್, ಎಂದರೆ ನಿನ್ನೆ ಮೊನ್ನೆ ಕಳೆದ ತಿಂಗಳು ಇದ್ದ ಸ್ಥಿತಿಗಳ ಒಂದು ಸಾಲು. ಕೆಲಸ ಮುಗಿದು, ಇನ್ನೆಂದೂ ಬದಲಾಗಬೇಕಿಲ್ಲದ ಕಡತಗಳು, ಅಂದರೆ ಮುಗಿದ ವರ್ಷದ ಲೆಕ್ಕ, ಕಳೆದ ಮದುವೆಯ ಚಿತ್ರ, ಅಚ್ಚಾದ ಪುಸ್ತಕದ ಮೂಲ ಮೊದಲಾದವು, ಇನ್ನೊಂದು ವರ್ಗ. ಇವುಗಳಿಗೆ ಬೇಕಾದುದು ಭದ್ರವಾದ ದಫ್ತರು. ಈ ವಿವೇಚನೆಯಿಲ್ಲದೆ ಎಲ್ಲವನ್ನೂ ಒಂದೇ ರಾಶಿಯಾಗಿ ಪ್ರತಿವಾರ ನಕಲು ಮಾಡುವವನಿಗೆ ಡಿಸ್ಕು ಬೇಗ ತುಂಬಿ, ಬೇಸರ ಅದಕ್ಕಿಂತ ಬೇಗ ತುಂಬಿ, ಆರು ತಿಂಗಳಲ್ಲಿ ಅಭ್ಯಾಸವೇ ನಿಂತುಹೋಗುತ್ತದೆ. ಮೊಬೈಲಿನಲ್ಲಿ ತೆಗೆದ ಚಿತ್ರಗಳನ್ನೂ ವಾಟ್ಸ್ಆ್ಯಪಿನಲ್ಲಿ ಬಂದ ಪತ್ರಗಳನ್ನೂ ಮೊದಲು ಕಂಪ್ಯೂಟರಿನ ಒಂದು ಫೋಲ್ಡರಿಗೆ ತಂದು ಹಾಕಿಕೊಂಡ ಮೇಲೆಯೇ ಮುಂದಿನದೆಲ್ಲ.

ಇನ್ನು ಸ್ಕ್ರಿಪ್ಟು. ಯಾವುದಾದರೂ ಸಾಧಾರಣ ಟೆಕ್ಸ್ಟ್ ಎಡಿಟರಿನಲ್ಲಿ ರೋಮನ್ ಲಿಪಿಯ ಆಜ್ಞೆಗಳಾಗಿ ಇದನ್ನು ಬರೆಯಬೇಕು. ಮೊದಲ ಸಾಲು, ಮುಂದಿನವುಗಳನ್ನು ‘ಬ್ಯಾಶ್’ ಎಂಬ ಶೆಲ್, ಅಂದರೆ ಆಜ್ಞೆಗಳನ್ನು ಓದಿ ನೆರವೇರಿಸುವ ತಂತ್ರಾಂಶ, ನಡೆಸಬೇಕೆಂದು ಸೂಚಿಸುತ್ತದೆ. ಎರಡನೆಯ ಸಾಲಿನಲ್ಲಿ ‘ಸೆಟ್’ ಎಂಬ ಆಜ್ಞೆಗೆ ‘ಇ’, ‘ಯು’ ಎಂಬ ಎರಡು ಅಕ್ಷರಗಳನ್ನು ಆಯ್ಕೆಯಾಗಿ ಕೊಡಬೇಕು: ಯಾವ ಆಜ್ಞೆಯಾದರೂ ವಿಫಲವಾದೊಡನೆ ಮುಂದೆ ಸಾಗದೆ ನಿಲ್ಲಬೇಕೆಂಬುದು ಒಂದರ ಅರ್ಥ, ಹಿಂದೆಲ್ಲೂ ಹೇಳದ ಹೆಸರನ್ನು ಬಳಸಿದರೆ ನಿಲ್ಲಬೇಕೆಂಬುದು ಇನ್ನೊಂದರದು. ಅನಂತರ ಮೂರು ಹೆಸರುಗಳನ್ನು ಕೊಡುವುದು: ಎಲ್ಲಿಂದ ನಕಲು ಮಾಡಬೇಕು, ಎಲ್ಲಿಗೆ ಮಾಡಬೇಕು, ಇಂದಿನ ತಾರೀಖು ಏನು. ತಾರೀಖನ್ನು ವರ್ಷ, ತಿಂಗಳು, ದಿನ ಎಂಬ ಅನುಕ್ರಮದಲ್ಲಿಯೇ ಬರೆಯತಕ್ಕದ್ದು. ನಮ್ಮ ವಾಡಿಕೆಯಂತೆ ದಿನವನ್ನು ಮೊದಲಿಟ್ಟರೆ ಫೋಲ್ಡರುಗಳು ಹೆಸರಿನ ಕ್ರಮದಲ್ಲಿ ನಿಂತಾಗ ಜನವರಿಯ ಒಂದನೆಯ ತಾರೀಖಿನ ಪಕ್ಕದಲ್ಲಿ ಫೆಬ್ರವರಿ ಒಂದನೆಯ ತಾರೀಖು ಬಂದು ಕೂರುತ್ತದೆ.

ಹೆಸರುಗಳನ್ನು ಬಳಸುವ ಕಡೆಯಲ್ಲೆಲ್ಲ ಜೋಡಿ ಉದ್ಧರಣ ಚಿಹ್ನೆಗಳೊಳಗೆ ಇಡುವುದನ್ನು ಮರೆಯಬಾರದು. ‘ಅಜ್ಜಿಯ ಹಾಡು’ ಎಂಬ ಫೋಲ್ಡರಿನ ಹೆಸರು ಮನುಷ್ಯನಿಗೆ ಒಂದು. ಉದ್ಧರಣವಿಲ್ಲದಿದ್ದರೆ ಶೆಲ್ಲಿಗೆ ಅದು ‘ಅಜ್ಜಿಯ’ ಎಂಬುದೊಂದು, ‘ಹಾಡು’ ಎಂಬುದೊಂದು. ನಕಲು ಮಾಡುವ ಆಜ್ಞೆಯಲ್ಲಿ ಇದರಿಂದ ಕೆಲಸ ಕೆಡುತ್ತದೆಯಷ್ಟೆ. ಅಳಿಸುವ ಆಜ್ಞೆಯಲ್ಲಿ ಅನರ್ಥವೇ ಆಗುತ್ತದೆ. 2015ರ ಜನವರಿಯಲ್ಲಿ, ಸ್ಟೀಮ್ ಎಂಬ ಆಟಗಳ ತಂತ್ರಾಂಶದ ಲಿನಕ್ಸ್ ಆವೃತ್ತಿಯಲ್ಲಿದ್ದ ಒಂದು ಸ್ಕ್ರಿಪ್ಟು ಬಳಕೆದಾರನ ಸ್ವಂತ ಕಡತಗಳನ್ನೆಲ್ಲ ಅಳಿಸಿಹಾಕಿದ ವಿಷಯ ಬಯಲಿಗೆ ಬಂತು: ಯಾವ ಫೋಲ್ಡರಿನೊಳಗಿನದನ್ನು ಅಳಿಸಬೇಕೋ ಆ ಫೋಲ್ಡರಿನ ಹೆಸರಿರಬೇಕಾದ ಜಾಗ ಖಾಲಿಯಾಗಿದ್ದುದರಿಂದ, ಆಜ್ಞೆಯು ಇಡೀ ಯಂತ್ರದ ಮೂಲಸ್ಥಾನಕ್ಕೇ ಅನ್ವಯವಾಗಿಬಿಟ್ಟಿತ್ತು. ಮೇಲೆ ಹೇಳಿದ ‘ಯು’ ಆಯ್ಕೆಯು ಹೆಸರೇ ಇಲ್ಲದ ದೋಷವನ್ನು ಹಿಡಿಯುತ್ತದೆ. ಹೆಸರಿದ್ದು ಒಳಗೆ ಏನೂ ಇಲ್ಲದ ದೋಷವನ್ನು ಹಿಡಿಯುವುದಿಲ್ಲ. ಅದಕ್ಕೆ ಪುಷ್ಪಾವರಣದೊಳಗೆ ಹೆಸರಿನ ಬಳಿಕ ವಿವರಣಚಿಹ್ನೆಯನ್ನೂ (:) ಪ್ರಶ್ನಾರ್ಥಕ ಚಿಹ್ನೆಯನ್ನೂ ಹಾಕುವ ಬೇರೊಂದು ಕ್ರಮವುಂಟು. ಆದರೆ ಎಲ್ಲಕ್ಕಿಂತ ಕ್ಷೇಮಕರವಾದ ದಾರಿಯೆಂದರೆ ನಮ್ಮ ಸ್ಕ್ರಿಪ್ಟಿನೊಳಗೆ ಅಳಿಸುವ ಆಜ್ಞೆಯನ್ನು ಬರೆಯದೆಯೇ ಇರುವುದು. ಹಳೆಯ ಪ್ರತಿಗಳನ್ನು ತೆಗೆದು ಜಾಗ ಮಾಡಬೇಕಾದ ಪ್ರಸಂಗ ವರ್ಷಕ್ಕೆ ಒಂದೆರಡು ಬಾರಿ ಬಂದೀತು; ಆಗ ಕಣ್ಣಿಟ್ಟು, ಕೈಯಿಂದಲೇ ತೆಗೆಯಬೇಕು.

ನಕಲಿಗೆ ಮೊದಲು ಸ್ಕ್ರಿಪ್ಟು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಬ್ಯಾಕಪ್ ಡಿಸ್ಕು ನಿಜವಾಗಿಯೂ ಸಿಕ್ಕಿಸಲ್ಪಟ್ಟಿದೆಯೇ? ಲಿನಕ್ಸಿನಲ್ಲಿ ಹೊರಗಿನ ಡಿಸ್ಕು ಒಂದು ಫೋಲ್ಡರಿನ ರೂಪದಲ್ಲಿ ಕಾಣಿಸಿಕೊಳ್ಳುವುದಷ್ಟೆ. ಡಿಸ್ಕು ಇಲ್ಲದಾಗಲೂ ಆ ಖಾಲಿ ಫೋಲ್ಡರು ಅಲ್ಲಿಯೇ ಉಳಿದಿದ್ದರೆ, ಆರ್‌ಸಿಂಕ್ ಯಾವ ಆಕ್ಷೇಪವನ್ನೂ ಎತ್ತದೆ ಎಲ್ಲವನ್ನೂ ಅದರೊಳಕ್ಕೆ, ಅಂದರೆ ಅದೇ ಲ್ಯಾಪ್‌ಟಾಪಿನ ಅದೇ ಡಿಸ್ಕಿಗೆ, ನಕಲು ಮಾಡಿ ಮುಗಿಸುತ್ತದೆ. ಯಜಮಾನನು ಬ್ಯಾಕಪ್ ಆಯಿತೆಂದು ನೆಮ್ಮದಿಯಿಂದಿರುತ್ತಾನೆ. ಇರುವುದು ಒಂದೇ ಡಿಸ್ಕಿನ ಎರಡು ಮೂಲೆಗಳು. ‘ಮೌಂಟ್‌ಪಾಯಿಂಟ್’ ಎಂಬ ಆಜ್ಞೆಯಿಂದ ಇದನ್ನು ಪರೀಕ್ಷಿಸಬಹುದು. ಅದರೊಂದಿಗೆ ಬ್ಯಾಕಪ್ ಡಿಸ್ಕಿನ ಮೊದಲ ಮಟ್ಟದಲ್ಲಿ ಗುರುತಿನ ಕಡತವೊಂದನ್ನು ಇಟ್ಟು, ಆ ಕಡತ ಕಾಣದಿದ್ದರೆ ಕೆಲಸವನ್ನೇ ಆರಂಭಿಸದೆ ಹಿಂದಿರುಗುವಂತೆ ಎರಡು ಸಾಲು ಬರೆಯುವುದು ಇನ್ನೂ ಲೇಸು. ಬೇರೆ ಯಾರದೋ ಪೆನ್ ಡ್ರೈವ್ ಸಿಕ್ಕಿಸಿದಾಗಲೂ ಇದು ಕಾಯುತ್ತದೆ. ಒಳ್ಳೆಯ ಬ್ಯಾಕಪ್ ಸ್ಕ್ರಿಪ್ಟಿನಲ್ಲಿ ಕೆಲಸ ಮಾಡುವ ಸಾಲುಗಳಿಗಿಂತ, ಕೆಲಸ ಮಾಡಲು ನಿರಾಕರಿಸುವ ಸಾಲುಗಳೇ ಹೆಚ್ಚಾಗಿರುತ್ತವೆ.

ಈಗ ಮುಖ್ಯವಾದ ಸಾಲಿಗೆ ಬರೋಣ. ಆರ್‌ಸಿಂಕಿಗೆ ‘ಎ’ ಎಂಬ ಆಯ್ಕೆಯನ್ನು ಕೊಟ್ಟರೆ ಅದು ಒಳಗಿನ ಫೋಲ್ಡರುಗಳನ್ನೆಲ್ಲ ಹೊಕ್ಕು, ಕಡತಗಳ ಕಾಲಸೂಚನೆ, ಅನುಮತಿ ಮುಂತಾದ ಲಕ್ಷಣಗಳನ್ನೂ ಉಳಿಸಿಕೊಂಡು ನಕಲು ಮಾಡುತ್ತದೆ. ಮೂಲ ಫೋಲ್ಡರಿನ ಹೆಸರಿನ ಕೊನೆಯಲ್ಲಿ ಓರೆಗೆರೆ ಇದ್ದರೆ ಅದರ ಒಳಗಿನದು ಮಾತ್ರ ಸಾಗುತ್ತದೆ, ಇಲ್ಲದಿದ್ದರೆ ಫೋಲ್ಡರು ಸಹಿತ ಸಾಗುತ್ತದೆ. ಇಷ್ಟು ಸಣ್ಣ ಗೆರೆಯೊಂದು ಇಡೀ ವ್ಯವಸ್ಥೆಯನ್ನು ಅಸ್ತವ್ಯಸ್ತಗೊಳಿಸಬಲ್ಲದಾದ್ದರಿಂದ, ಮೊದಲ ಬಾರಿ ‘ಡ್ರೈ-ರನ್’, ‘ವಿ’ ಎಂಬ ಆಯ್ಕೆಗಳೊಂದಿಗೆ ನಡೆಸಿ, ಏನೇನು ಮಾಡಲಿದೆಯೆಂಬ ಪಟ್ಟಿಯನ್ನು ಸಾವಧಾನವಾಗಿ ಓದಬೇಕು. ಡ್ರೈ-ರನ್ ಇದ್ದಾಗ ಅದು ಹೇಳುವುದಷ್ಟೇ ಹೊರತು ಏನನ್ನೂ ಮಾಡುವುದಿಲ್ಲ.

ಅನೇಕರು ‘ಡಿಲೀಟ್’ ಎಂಬ ಆಯ್ಕೆಯನ್ನು ಸೇರಿಸಿ, ಮೂಲದಲ್ಲಿ ಅಳಿದುದು ಪ್ರತಿಯಲ್ಲಿಯೂ ಅಳಿಯುವಂತೆ ಮಾಡಿಕೊಳ್ಳುತ್ತಾರೆ. ಅದು ಕನ್ನಡಿಯ ಪ್ರತಿಬಿಂಬದಂತೆ. ಮೂಲದಲ್ಲಿ ಆದ ಪ್ರಮಾದವೂ ಅದೇ ರಾತ್ರಿ ಅಷ್ಟೇ ನಿಷ್ಠೆಯಿಂದ ಅಲ್ಲಿ ಮೂಡುತ್ತದೆ. ಮಂಗಳವಾರ ಕೈತಪ್ಪಿ ಅಳಿಸಿದ ಅಧ್ಯಾಯವನ್ನು ಶುಕ್ರವಾರ ನೆನೆದು ಹುಡುಕುವವನಿಗೆ ಇಂಥ ಪ್ರತಿಯಿಂದ ಪ್ರಯೋಜನವಿಲ್ಲ. ಇದಕ್ಕೆ ಪರಿಹಾರವಾಗಿ ಆರ್‌ಸಿಂಕಿನಲ್ಲಿರುವ ‘ಲಿಂಕ್-ಡೆಸ್ಟ್’ ಎಂಬ ಆಯ್ಕೆಯು ಅತ್ಯಂತ ಶ್ಲಾಘ್ಯವಾದುದು, ಮತ್ತು ಈ ಲೇಖನದಲ್ಲಿ ಒಂದೇ ಒಂದು ವಿಷಯವನ್ನು ನೆನಪಿಡಬಹುದಾದರೆ ಅದು ಇದೇ ಆಗಿರಲಿ ಎನ್ನುವಷ್ಟು ಉಪಯುಕ್ತವಾದುದು. ಪ್ರತಿಸಲವೂ ಆ ದಿನದ ತಾರೀಖಿನ ಹೆಸರಿನ ಹೊಸ ಫೋಲ್ಡರೊಂದಕ್ಕೆ ನಕಲು ಮಾಡುವುದು; ಆದರೆ ಹಿಂದಿನ ಸಲದ ಫೋಲ್ಡರನ್ನು ತೋರಿಸಿ, ಅದರಲ್ಲಿರುವುದಕ್ಕೂ ಇಂದಿನದಕ್ಕೂ ಭೇದವಿಲ್ಲದ ಕಡತಗಳನ್ನು ಮತ್ತೆ ಬರೆಯದೆ, ಡಿಸ್ಕಿನಲ್ಲಿ ಈಗಾಗಲೇ ಇರುವ ಅದೇ ವಸ್ತುವಿಗೆ ಇನ್ನೊಂದು ಹೆಸರನ್ನು ಮಾತ್ರ ಕೊಡುವಂತೆ ಹೇಳುವುದು. ಹೀಗೆ ಕೊಟ್ಟ ಎರಡನೆಯ ಹೆಸರನ್ನು ಹಾರ್ಡ್ ಲಿಂಕ್ ಎನ್ನುತ್ತಾರೆ. ಪರಿಣಾಮವಾಗಿ ಪ್ರತಿಯೊಂದು ತಾರೀಖಿನ ಫೋಲ್ಡರೂ ತೆರೆದು ನೋಡಿದರೆ ಸಂಪೂರ್ಣವಾಗಿ ಕಾಣುತ್ತದೆ. ಜಾಗ ಹಿಡಿಯುವುದಾದರೋ ಬದಲಾದ ಕಡತಗಳಿಗೆ ಮಾತ್ರ. 50 ಗಿಗಾಬೈಟಿನ ಸಂಗ್ರಹದಲ್ಲಿ ಈ ವಾರ 200 ಮೆಗಾಬೈಟಿನಷ್ಟು ಕಡತಗಳು ಬದಲಾಗಿದ್ದರೆ, ಹೊಸ ಪ್ರತಿಗೆ ಹೆಚ್ಚುಕಡಿಮೆ ಅಷ್ಟೇ ಜಾಗ ಸಾಕು. ಒಂದು ತಾರೀಖಿನ ಫೋಲ್ಡರನ್ನು ಮುಂದೆಂದೋ ತೆಗೆದುಹಾಕಿದರೆ ಉಳಿದವುಗಳಿಗೆ ಯಾವ ಕುಂದೂ ಬರುವುದಿಲ್ಲ. ಕಟ್ಟಕಡೆಯ ಹೆಸರು ಅಳಿಯುವವರೆಗೆ ವಸ್ತು ಉಳಿದಿರುತ್ತದೆ.

ಈ ಉಪಾಯಕ್ಕೆ ಮಿತಿಗಳೂ ಉಂಟು. ಹತ್ತು ಫೋಲ್ಡರುಗಳಲ್ಲಿ ಕಾಣುವ ಬದಲಾಗದ ಚಿತ್ರವೊಂದು ಡಿಸ್ಕಿನ ಮೇಲೆ ಇರುವುದು ಒಂದೇ ಆದ್ದರಿಂದ, ಆ ಭಾಗ ಕೆಟ್ಟರೆ ಹತ್ತೂ ಕೆಟ್ಟಂತೆ. ಆದುದರಿಂದ ಇನ್ನೊಂದು ಡಿಸ್ಕಿನ ಆವಶ್ಯಕತೆ ತಪ್ಪುವುದಿಲ್ಲ. ಬ್ಯಾಕಪ್ ಫೋಲ್ಡರಿನೊಳಗಿನ ಕಡತವನ್ನು ಅಲ್ಲಿಯೇ ತೆರೆದು ತಿದ್ದಲೂ ಕೂಡದು. ತಿದ್ದಿದರೆ ಹಿಂದಿನ ತಾರೀಖುಗಳ ಪ್ರತಿಯೂ ಬದಲಾಗಬಹುದು. ಹಾರ್ಡ್ ಲಿಂಕುಗಳನ್ನು ಬಲ್ಲ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಕಡತಗಳನ್ನು ಜೋಡಿಸಿಡುವ ವ್ಯವಸ್ಥೆ), ಲಿನಕ್ಸಿನಲ್ಲಾದರೆ ‘ಇಎಕ್ಸ್‌ಟಿ4’ರಂಥದು, ಆ ಡಿಸ್ಕಿನಲ್ಲಿ ಇರಬೇಕು. ಅಂಗಡಿಯಿಂದ ತಂದ ಪೆನ್ ಡ್ರೈವುಗಳಲ್ಲಿ ಸಾಮಾನ್ಯವಾಗಿರುವ ‘ಫ್ಯಾಟ್32’ಕ್ಕೆ ಹಾರ್ಡ್ ಲಿಂಕ್ ತಿಳಿಯದು, 4 ಗಿಗಾಬೈಟ್ ಮುಟ್ಟಿದ ಕಡತವನ್ನಂತೂ ಅದು ಒಳಗೇ ಸೇರಿಸುವುದಿಲ್ಲ. ಮದುವೆಯ ವಿಡಿಯೊ ನಕಲಾಗದೆ ನಿಲ್ಲುವುದಕ್ಕೆ ಎಷ್ಟೋ ವೇಳೆ ಇದೇ ಕಾರಣ.

ನಕಲು ನಡೆಯುತ್ತಿರುವಾಗಲೇ ಕರೆಂಟು ಹೋಗುವುದು ನಮ್ಮ ಕಡೆ ಅಪರೂಪವಲ್ಲ. ಆದ್ದರಿಂದ ಸ್ಕ್ರಿಪ್ಟು ಮೊದಲು ‘ಅಪೂರ್ಣ’ ಎಂಬರ್ಥದ ಹೆಸರಿನ ಫೋಲ್ಡರಿಗೆ ನಕಲು ಮಾಡಿ, ಎಲ್ಲವೂ ಮುಗಿದ ತರುವಾಯವಷ್ಟೇ ಅದಕ್ಕೆ ತಾರೀಖಿನ ಹೆಸರನ್ನಿಡಬೇಕು. ತಾರೀಖಿನ ಹೆಸರು ಹೊತ್ತ ಯಾವ ಫೋಲ್ಡರೂ ಅರೆಬರೆಯಾಗಿರುವುದಿಲ್ಲವೆಂಬ ಭರವಸೆ ಇದರಿಂದ ದೊರೆಯುತ್ತದೆ. ಆರ್‌ಸಿಂಕ್ 24 ಎಂಬ ಸಂಖ್ಯೆಯೊಂದಿಗೆ ಹಿಂದಿರುಗಿದರೆ, ನಕಲಿನ ಮಧ್ಯೆ ಕೆಲವು ಕಡತಗಳು ಮೂಲದಿಂದ ಮಾಯವಾದವೆಂದಷ್ಟೇ ಅರ್ಥ. ಬ್ರೌಸರಿನ ತಾತ್ಕಾಲಿಕ ಕಡತಗಳಿಂದ ಹೀಗಾಗುವುದುಂಟು, ಇದಕ್ಕಾಗಿ ಗಾಬರಿಯಾಗಬೇಕಿಲ್ಲ. 23 ಎಂಬುದು ಬಂದರೆ ಕೆಲವನ್ನು ನಕಲು ಮಾಡಲಾಗಲಿಲ್ಲವೆಂದು ತಿಳಿದು, ಯಾವುವೆಂಬುದನ್ನು ಅವಶ್ಯವಾಗಿ ನೋಡತಕ್ಕದ್ದು.

ಕೊನೆಯ ಸಾಲುಗಳಲ್ಲಿ, ಯಾವ ದಿನ ಎಷ್ಟು ಹೊತ್ತಿಗೆ ಕೆಲಸ ಮುಗಿಯಿತು, ಎಷ್ಟು ಕಡತಗಳು ಸಾಗಿದವು ಎಂಬುದನ್ನು ಒಂದು ದಿನಚರಿ ಕಡತಕ್ಕೆ ಬರೆಯಿಸಬೇಕು. ಸೋಲನ್ನು ಮಾತ್ರ ವರದಿ ಮಾಡುವ ಸ್ಕ್ರಿಪ್ಟು ಸಾಲದು. ಗೆಲುವನ್ನೂ ಅದು ಬಾಯಿಬಿಟ್ಟು ಹೇಳಬೇಕು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ತಂತ್ರಾಂಶ ಸಂಸ್ಥೆಯಲ್ಲಿ ತಂತ್ರಜ್ಞನೊಬ್ಬನು ತಪ್ಪು ಸರ್ವರಿನ ಮೇಲೆ ಅಳಿಸುವ ಆಜ್ಞೆಯನ್ನು ಕೊಟ್ಟು ಮೂಲ ದತ್ತಾಂಶ ನಾಶವಾದಾಗ, ಬ್ಯಾಕಪ್ ಹುಡುಕಹೋದವರಿಗೆ ಅದು ಆವೃತ್ತಿಗಳ ಹೊಂದಾಣಿಕೆಯಿಲ್ಲದೆ ವಿಫಲವಾಗುತ್ತಲೇ ಇತ್ತೆಂಬುದು ಗೊತ್ತಾಯಿತು. ವೈಫಲ್ಯವನ್ನು ತಿಳಿಸಲು ಹೊರಟ ಇಮೇಲುಗಳು ಸ್ವೀಕೃತವಾಗದೆ ತಿರಸ್ಕೃತವಾಗಿದ್ದವು. ಬೇರಾವುದೋ ಉದ್ದೇಶಕ್ಕೆ ಸುಮಾರು ಆರು ಗಂಟೆಗಳ ಹಿಂದೆ ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಆ ಸಂಸ್ಥೆ ನಡೆದುದನ್ನೆಲ್ಲ ಮುಚ್ಚಿಡದೆ ಪ್ರಕಟಿಸಿದುದರಿಂದಲೇ ನಾವು ಇಂದು ಅದರಿಂದ ಕಲಿಯಬಹುದಾಗಿದೆ.

ಕನ್ನಡದಲ್ಲಿ ಕಡತಗಳಿಗೆ ಹೆಸರಿಡುವವರು ಗಮನಿಸಬೇಕಾದ ಸಂಗತಿಗಳು ಬೇರೆಯೇ ಇವೆ. ಲಿನಕ್ಸಿನ ಇಎಕ್ಸ್‌ಟಿ4ರಲ್ಲಿ ಒಂದು ಕಡತದ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ರೋಮನ್ ಅಕ್ಷರಕ್ಕೆ ಒಂದು ಬೈಟು ಸಾಕು. ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟು ಬೇಕು. ಕಣ್ಣಿಗೆ ಒಂದೇ ಅಕ್ಷರವಾಗಿ ಕಾಣುವ ‘ಶ್ರೀ’ ಎಂಬುದು ಶಕಾರ, ವಿರಾಮ, ರೇಫ, ದೀರ್ಘ ಈಕಾರ ಎಂಬ ನಾಲ್ಕು ಸಂಕೇತಗಳಿಂದ ಆದುದಾಗಿ, ಹನ್ನೆರಡು ಬೈಟುಗಳನ್ನು ಹಿಡಿಯುತ್ತದೆ. ಲೇಖನದ ಶೀರ್ಷಿಕೆಯನ್ನೆಲ್ಲ ಕಡತದ ಹೆಸರಾಗಿ ಇಡುವ ಅಭ್ಯಾಸವಿದ್ದವರ ಹೆಸರುಗಳು ಹೀಗೆ ಮಿತಿ ದಾಟಿ, ವಿಂಡೋಸಿನಲ್ಲಿ ಇದ್ದ ಕಡತವು ಲಿನಕ್ಸ್ ಡಿಸ್ಕಿಗೆ ಸಾಗದೆ ನಿಲ್ಲುತ್ತದೆ. ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮ: ಮ್ಯಾಕಿನ ಹಳೆಯ ಫೈಲ್ ಸಿಸ್ಟಮ್ ಇಂಥ ಸ್ವರಚಿಹ್ನೆಗಳನ್ನು ಬಿಡಿಸಿ ಬರೆಯುತ್ತಿತ್ತು; ಈಕಾರವನ್ನು ಇಕಾರ ಮತ್ತು ದೀರ್ಘಚಿಹ್ನೆಗಳೆಂದು ಎರಡಾಗಿಸುತ್ತಿತ್ತು. ಅಲ್ಲಿಂದ ಬಂದ ‘ಶ್ರೀ’ ಹದಿನೈದು ಬೈಟಿನದು. ನೋಡಲು ಎರಡೂ ಒಂದೇ; ಲಿನಕ್ಸಿಗೆ ಮಾತ್ರ ಇವು ಎರಡು ಬೇರೆ ಹೆಸರುಗಳು. ಒಂದೇ ಫೋಲ್ಡರಿನಲ್ಲಿ ಅಕ್ಷರಶಃ ಒಂದೇ ಹೆಸರಿನ ಎರಡು ಕಡತಗಳು ಕಂಡು ಬೆರಗಾದವರು ಇದನ್ನು ಶಂಕಿಸಬೇಕು. ಆರ್‌ಸಿಂಕಿನ ‘ಐಕಾನ್ವ್’ ಎಂಬ ಆಯ್ಕೆಯಿಂದ ಹೆಸರುಗಳನ್ನು ಸಾಗಿಸುವಾಗಲೇ ಸರಿಪಡಿಸಿಕೊಳ್ಳಲು ಬರುತ್ತದೆ. ಇಷ್ಟಾದ ಮಾತ್ರಕ್ಕೆ ಕನ್ನಡ ಹೆಸರುಗಳನ್ನು ಬಿಟ್ಟುಬಿಡಬೇಕೆಂದು ನಾನು ಹೇಳಲಾರೆ. ಹೆಸರು ಚಿಕ್ಕದಾಗಿರಲಿ, ತಾರೀಖಿನ ಅಂಕಿಗಳು ಒಮ್ಮೆ ಕನ್ನಡದಲ್ಲಿ ಒಮ್ಮೆ ಇಂಗ್ಲಿಷಿನಲ್ಲಿ ಬೆರೆಯದೆ ಒಂದೇ ಬಗೆಯವಾಗಿರಲಿ, ಅಷ್ಟು ಸಾಕು.

ದಫ್ತರಿನ ವಿಷಯದಲ್ಲಿ ಸ್ಕ್ರಿಪ್ಟಿನ ಕೆಲಸ ಅಲ್ಪ, ಮನುಷ್ಯನ ವಿವೇಚನೆ ಅಧಿಕ. ವರ್ಷಕ್ಕೊಮ್ಮೆ, ಮಾರ್ಚ್ ಮುಗಿದ ಮೇಲೆ ಎಂದಿಟ್ಟುಕೊಳ್ಳೋಣ, ಮುಗಿದ ಕೆಲಸದ ಫೋಲ್ಡರುಗಳನ್ನು ಟಾರ್‌ನಿಂದ ಒಂದೊಂದು ಕಟ್ಟಾಗಿ ಕಟ್ಟಿ, ಒಳಗೇನಿದೆಯೆಂಬ ಪಟ್ಟಿಯನ್ನು ಹೊರಗೊಂದು ಟೆಕ್ಸ್ಟ್ ಕಡತದಲ್ಲಿ ಇಡಬೇಕು. ಬರಹದ ಕಡತಗಳನ್ನು ‘ಜಿಜಿಪ್’ನಿಂದ ಕುಗ್ಗಿಸಬಹುದು, ಜೆಪೆಗ್ ಚಿತ್ರಗಳೂ ಎಂಪಿ3 ಹಾಡುಗಳೂ ಮೊದಲೇ ಕುಗ್ಗಿರುವುದರಿಂದ ಅವುಗಳನ್ನು ಮತ್ತೆ ಕುಗ್ಗಿಸಿ ಲಾಭವಿಲ್ಲ, ನಷ್ಟವೂ ಉಂಟು: ಕುಗ್ಗಿಸಿದ ಕಟ್ಟಿನ ನಡುವೆ ಒಂದೆಡೆ ಹಾಳಾದರೆ ಅಲ್ಲಿಂದ ಮುಂದಿನದೆಲ್ಲ ಕೈಗೆ ಸಿಗದೆ ಹೋಗಬಹುದು. ಪ್ರತಿಯೊಂದು ಕಟ್ಟಿಗೂ ‘ಶಾ-256’ ಎಂಬ ಕ್ರಮದಿಂದ 64 ಅಂಕಾಕ್ಷರಗಳ ಮುದ್ರೆಯೊಂದನ್ನು ತೆಗೆದು ಜೊತೆಯಲ್ಲಿ ಬರೆದಿಡಬೇಕು. ಕಡತದಲ್ಲಿ ಒಂದು ಬಿಟ್ ಬದಲಾದರೂ ಮುದ್ರೆ ಪೂರ್ತಿಯಾಗಿ ಬದಲಾಗುವುದರಿಂದ, ಐದು ವರ್ಷಗಳ ತರುವಾಯ ಪುನಃ ಲೆಕ್ಕಿಸಿ ಹೋಲಿಸಿದರೆ ಕಟ್ಟು ಅಖಂಡವಾಗಿದೆಯೇ ಇಲ್ಲವೇ ನಿಸ್ಸಂದೇಹವಾಗಿ ತಿಳಿಯುತ್ತದೆ.

ಇಲ್ಲಿ ನುಡಿ ಮತ್ತು ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪು ಮಾಡಿದ ಕಡತಗಳ ಬಗ್ಗೆ ವಿಶೇಷವಾಗಿ ಹೇಳಬೇಕಾಗಿದೆ. ಯುನಿಕೋಡ್ ಬಳಕೆಗೆ ಬರುವ ಮೊದಲಿನ ಆ ಕಡತಗಳೊಳಗೆ ಇರುವುದು ಕನ್ನಡ ಸಂಕೇತಗಳಲ್ಲ, ರೋಮನ್ ಸಂಕೇತಗಳು. ಅವುಗಳಿಗೆ ಕನ್ನಡದ ರೂಪ ಕೊಡುತ್ತಿದ್ದುದು ಆ ಫಾಂಟು. ಫಾಂಟು ಕಳೆದುಹೋದರೆ ಕಡತ ಬೈಟು ಬೈಟಾಗಿ ಸುರಕ್ಷಿತವಾಗಿದ್ದರೂ ಓದುಗನಿಗೆ ಅರ್ಥಹೀನ ಅಕ್ಷರರಾಶಿಯಾಗಿ ಕಾಣುತ್ತದೆ. ಇಂಥವನ್ನು ದಫ್ತರಿಗೆ ಸೇರಿಸುವಾಗ ಮೂಲಕಡತ, ಅದರ ಫಾಂಟು, ಫಾಂಟನ್ನು ಒಳಗೊಂಡ ಪಿಡಿಎಫ್, ಯುನಿಕೋಡಿಗೆ ಪರಿವರ್ತಿಸಿದ ಪಠ್ಯ ಈ ನಾಲ್ಕನ್ನೂ ಒಟ್ಟಿಗೆ ಇಡಬೇಕು. ಪರಿವರ್ತನೆಯಾಯಿತೆಂದು ಮೂಲವನ್ನು ಎಸೆಯಬಾರದು. ಅರ್ಕಾವತ್ತು ಒತ್ತಕ್ಷರಗಳಲ್ಲಿ ಪರಿವರ್ತಕಗಳು ಎಡವುವುದುಂಟು. ಕನ್ನಡದ ಎಷ್ಟೋ ಲೇಖಕರ, ಸಣ್ಣ ಮುದ್ರಣಾಲಯಗಳ, ಊರಿನ ಸಂಘಸಂಸ್ಥೆಗಳ ಸಾಹಿತ್ಯ ಇಂದಿಗೂ ಈ ಸ್ಥಿತಿಯಲ್ಲಿದೆ. ಅದರ ರಕ್ಷಣೆ ತುರ್ತಿನ ಕೆಲಸ.

ಸ್ಕ್ರಿಪ್ಟನ್ನು ತಾನಾಗಿಯೇ ನಡೆಯುವಂತೆ ‘ಕ್ರಾನ್’ ಎಂಬ ವ್ಯವಸ್ಥೆಗೆ ವಹಿಸಬಹುದು. ನಿಗದಿಯಾದ ವೇಳೆಯಲ್ಲಿ ಕಂಪ್ಯೂಟರ್ ಆರಿದ್ದರೆ ಕ್ರಾನ್ ಆ ಸರದಿಯನ್ನು ಬಿಟ್ಟೇಬಿಡುತ್ತದೆ. ‘ಅನಾಕ್ರಾನ್’ ಎಂಬುದು ಯಂತ್ರ ಮತ್ತೆ ಚಾಲೂ ಆದ ಮೇಲೆ ಬಾಕಿಯನ್ನು ತೀರಿಸುತ್ತದೆ. ಆದರೂ ಮನೆಯ ಮಟ್ಟಿಗೆ, ವಾರಕ್ಕೊಂದು ದಿನ ಡಿಸ್ಕನ್ನು ಸಿಕ್ಕಿಸಿ, ಸ್ಕ್ರಿಪ್ಟನ್ನು ಕೈಯಾರೆ ನಡೆಸಿ, ಮುಗಿದೊಡನೆ ಡಿಸ್ಕನ್ನು ಬಿಚ್ಚಿ ಕಪಾಟಿನಲ್ಲಿಡುವ ಪದ್ಧತಿಯೇ ಮೇಲೆಂದು ನನಗೆ ತೋರುತ್ತದೆ. 2017ರ ಮೇ ತಿಂಗಳಲ್ಲಿ ಲೋಕವನ್ನೆಲ್ಲ ಕಂಗೆಡಿಸಿದ ವಾನಾಕ್ರೈಯಂಥ ಸುಲಿಗೆ ತಂತ್ರಾಂಶಗಳು ಯಂತ್ರಕ್ಕೆ ತಗುಲಿರುವ ಡಿಸ್ಕುಗಳನ್ನೂ ಬಿಡುವುದಿಲ್ಲ. ಮಲೆನಾಡು ಕರಾವಳಿಗಳಲ್ಲಿ ಮುಂಗಾರಿಗೆ ಮುಂಚಿನ ಸಿಡಿಲು ವಿದ್ಯುತ್ ತಂತಿಯಲ್ಲಿ ಹರಿದು ಬಂದರೆ, ಗೋಡೆಗೆ ಸಿಕ್ಕಿಸಿದ ಯಂತ್ರವೂ ಅದಕ್ಕಂಟಿದ ಡಿಸ್ಕೂ ಒಟ್ಟಿಗೇ ಸುಟ್ಟುಹೋಗುತ್ತವೆ. ಬಿಚ್ಚಿಟ್ಟ ಡಿಸ್ಕಿಗೆ ಇವೆರಡರ ಭಯವೂ ಇಲ್ಲ.

ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚುರಪಡಿಸಿದ ಸೂತ್ರವೊಂದು ಈ ಕ್ಷೇತ್ರದಲ್ಲಿ ಸರ್ವಮಾನ್ಯವಾಗಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಅವುಗಳಲ್ಲಿ ಒಂದು ಬೇರೊಂದು ಸ್ಥಳದಲ್ಲಿ. ಈ ಮೂರನೆಯ ಅಂಶವನ್ನೇ ಜನ ಉಪೇಕ್ಷಿಸುವುದು ಹೆಚ್ಚು. 1998ರಲ್ಲಿ ಪಿಕ್ಸಾರ್ ಸಂಸ್ಥೆಯಲ್ಲಿ ‘ಟಾಯ್ ಸ್ಟೋರಿ 2’ ಚಿತ್ರ ತಯಾರಾಗುತ್ತಿದ್ದಾಗ ಅಳಿಸುವ ಆಜ್ಞೆಯೊಂದು ಚಿತ್ರದ ಬಹುಭಾಗವನ್ನು ನುಂಗಿತು; ಸಂಸ್ಥೆಯ ಬ್ಯಾಕಪ್ಪೂ ಕೈಕೊಟ್ಟಿತು. ಮಗುವಿದ್ದ ಕಾರಣ ಮನೆಯಿಂದ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸಸ್ಮನ್ ಎಂಬ ತಂತ್ರನಿರ್ದೇಶಕಿಯ ಮನೆಯ ಕಂಪ್ಯೂಟರಿನಲ್ಲಿದ್ದ ಪ್ರತಿಯಿಂದ ಚಿತ್ರ ಬದುಕಿತು. ನಮ್ಮಂಥವರಿಗೆ ಇದಕ್ಕಾಗಿ ದೊಡ್ಡ ವ್ಯವಸ್ಥೆಯೇನೂ ಬೇಡ: ಎರಡು ಡಿಸ್ಕುಗಳನ್ನು ಇಟ್ಟುಕೊಂಡು, ಒಂದನ್ನು ಬೇರೆ ಊರಿನಲ್ಲಿರುವ ತಮ್ಮನ ಮನೆಯಲ್ಲೋ ಅಕ್ಕನ ಮನೆಯಲ್ಲೋ ಇಟ್ಟು, ಹಬ್ಬಕ್ಕೆ ಹೋದಾಗ ಅದಲುಬದಲು ಮಾಡಿಕೊಂಡರೆ ಆಯಿತು. ಕ್ಲೌಡ್ ಸಂಗ್ರಹವೂ ಬೇರೊಂದು ಸ್ಥಳವೇ. ಇಂಟರ್ನೆಟ್ಟು ವೇಗವಾಗಿರುವ ಕಡೆ ಬಳಸಬಹುದು.

ಮನೆಯಿಂದ ಹೊರಗೆ ಹೋಗುವ ಡಿಸ್ಕಿನಲ್ಲಿ ಆಧಾರ್, ಬ್ಯಾಂಕು, ಆಸ್ತಿಪತ್ರಗಳು ಇರುವುದರಿಂದ ಇಡೀ ಡಿಸ್ಕನ್ನು ಗೂಢಲಿಪೀಕರಿಸತಕ್ಕದ್ದು; ಲಿನಕ್ಸಿನಲ್ಲಿ ‘ಲಕ್ಸ್’, ವಿಂಡೋಸಿನಲ್ಲಿ ‘ಬಿಟ್‌ಲಾಕರ್’ ಅದಕ್ಕಾಗಿ ಇವೆ. ಪಾಸ್‌ವರ್ಡ್ ಮರೆತರೆ ತೆರೆಯಲು ಬಾರದೆ ಹೋಗಬಹುದು. ಅದನ್ನು ಕಾಗದದ ಮೇಲೆ ಸ್ಪಷ್ಟವಾಗಿ ಬರೆದು, ಸ್ಕ್ರಿಪ್ಟಿನ ಒಂದು ಮುದ್ರಿತ ಪ್ರತಿಯನ್ನೂ ‘ಇದನ್ನು ಹೀಗೆ ತೆರೆಯಬೇಕು’ ಎಂಬ ನಾಲ್ಕು ಸಾಲಿನ ಕನ್ನಡ ಟಿಪ್ಪಣಿಯನ್ನೂ ಅದರೊಡನೆ ಲಗತ್ತಿಸಿ, ಮನೆಯ ಮುಖ್ಯ ಪತ್ರಗಳ ಜೊತೆಗೆ ಇಡಬೇಕು. ಯಜಮಾನನ ಕಾಲಾನಂತರ ಹೆಂಡತಿಯೋ ಮಕ್ಕಳೋ ತೆರೆಯಲಾಗದ ಡಿಸ್ಕು ಕಳೆದುಹೋದ ಡಿಸ್ಕಿಗಿಂತ ಯಾವ ವಿಧದಲ್ಲಿಯೂ ಮೇಲಲ್ಲ.

ಆರ್‌ಸಿಂಕ್ ಸಾಮಾನ್ಯವಾಗಿ ಕಡತದ ಗಾತ್ರ ಮತ್ತು ಕಾಲಸೂಚನೆಗಳನ್ನು ಮಾತ್ರ ಹೋಲಿಸುತ್ತದೆ. ಡಿಸ್ಕಿನ ಮೇಲೆ ಕಾಲಕ್ರಮದಲ್ಲಿ ಒಳಗೊಳಗೇ ಕೆಟ್ಟುದು ಅದಕ್ಕೆ ಕಾಣದು. ಆರು ತಿಂಗಳಿಗೊಮ್ಮೆ ‘ಚೆಕ್‌ಸಮ್’ ಮತ್ತು ‘ಡ್ರೈ-ರನ್’ ಆಯ್ಕೆಗಳನ್ನು ‘ವಿ’ಯೊಡನೆ ಕೂಡಿಸಿ ನಡೆಸಿದರೆ, ಅದು ಪ್ರತಿಯೊಂದು ಕಡತವನ್ನೂ ಓದಿ ಹೋಲಿಸಿ, ಭೇದವಿದ್ದುದನ್ನು ಪಟ್ಟಿ ಮಾಡುತ್ತದೆ. ಹೊತ್ತು ಹಿಡಿಯುವ ಕೆಲಸವಾದರೂ ಬಿಡತಕ್ಕದ್ದಲ್ಲ. ಇಷ್ಟೆಲ್ಲ ಆದ ಬಳಿಕವೂ ಪ್ರತಿಯಿದೆಯೆಂದು ನಂಬಲು ಆಧಾರ ಒಂದೇ: ಅದರಿಂದ ಕಡತವನ್ನು ಮರಳಿ ಪಡೆದು, ತೆರೆದು ನೋಡಿರುವುದು. ವಾಚಕರೇ, ನೀವು ಈಗಾಗಲೇ ಎಲ್ಲಿಯಾದರೂ ಬ್ಯಾಕಪ್ ಇಟ್ಟುಕೊಂಡಿದ್ದರೆ, ಹೊಸ ಸ್ಕ್ರಿಪ್ಟನ್ನು ಬರೆಯುವ ಮೊದಲೇ ಆ ಡಿಸ್ಕನ್ನು ನಿಮ್ಮದಲ್ಲದ ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಒಂದು ಛಾಯಾಚಿತ್ರ, ಒಂದು ಕನ್ನಡ ಬರಹ, ಒಂದು ಧ್ವನಿಮುದ್ರಣ ಈ ಮೂರನ್ನು ಖಾಲಿ ಫೋಲ್ಡರಿಗೆ ಇಳಿಸಿಕೊಂಡು ತೆರೆಯಿರಿ. ಮೂರೂ ತೆರೆದುಕೊಂಡರೆ ಸ್ಕ್ರಿಪ್ಟಿಗೆ ಅವಸರವಿಲ್ಲ, ಮುಂದಿನ ಭಾನುವಾರ ಬರೆಯಬಹುದು. ಒಂದಾದರೂ ತೆರೆದುಕೊಳ್ಳದಿದ್ದರೆ ಇಂದೇ ಬರೆಯಬೇಕು.